ಚಂಚಲ: ಅರ್ಥ ಮತ್ತು ಬಳಕೆ

ಚಂಚಲ ಎಂಬುದು ಒಂದೆಡೆ ನಿಲ್ಲದ, ಆಗಾಗ ಬದಲಾಗುವ ಸ್ವಭಾವವನ್ನು ಹೇಳುವ ಪದ. ಸಂಸ್ಕೃತದಿಂದ ಬಂದು ಕನ್ನಡದಲ್ಲಿ ರೂಪ ಕೆಡದೆ ಉಳಿದ ತತ್ಸಮ ಇದು. ಹಳೆಯ ಸಾಹಿತ್ಯದಲ್ಲಿ ಮನಸ್ಸು, ಸಂಪತ್ತು, ಕಣ್ಣು, ಮಿಂಚು ಇವೆಲ್ಲಕ್ಕೂ ಈ ವಿಶೇಷಣ ಸಲ್ಲುತ್ತಿತ್ತು. ಈಗಿನ ಕನ್ನಡದಲ್ಲಿ ಅದು ಹೆಚ್ಚಾಗಿ ಮನಸ್ಸಿಗೆ ಅಂಟಿಕೊಂಡಿದೆ. ಚಪಲ, ಹೊಯ್ದಾಟ, ಲಹರಿ, ಹುಕಿ, ಮರ್ಜಿ, ಗೋಸುಂಬೆತನ, ಈಚಿನ ‘ಮೂಡಿ’ ಇವು ಇದರ ನೆರೆಹೊರೆಯ ಪದಗಳು. ನಿಘಂಟು ಇವನ್ನೆಲ್ಲ ಹೆಚ್ಚುಕಡಿಮೆ ಒಂದೇ ಪಂಕ್ತಿಯಲ್ಲಿ ಕೂರಿಸಿದರೂ ಆಡುವವರು ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವುದಿಲ್ಲ. ಬದಲಾಗುತ್ತಿರುವುದು ಏನು ಎಂಬುದರಷ್ಟೇ, ಬದಲಾಗುತ್ತಿರುವವರು ಯಾರು ಎಂಬುದೂ ಪದದ ಆಯ್ಕೆಯನ್ನು ತೀರ್ಮಾನಿಸುತ್ತದೆ.

ಹುಟ್ಟು ಮತ್ತು ಹಳೆಯ ಅರ್ಥಗಳು

ಚಲಿಸು ಎಂಬರ್ಥದ ‘ಚಲ್’ ಧಾತುವನ್ನು ಇಮ್ಮಡಿಸಿ, ಕ್ರಿಯೆ ಬಿಡುವಿಲ್ಲದೆ ಮತ್ತೆ ಮತ್ತೆ ನಡೆಯುತ್ತದೆ ಎಂಬ ಅರ್ಥ ಬರುವಂತೆ ಕಟ್ಟಿದ ರೂಪ ಚಂಚಲ. ಚಲನೆ, ಚಾಲಕ, ಅಚಲ, ವಿಚಲಿತ ಇವು ಅದೇ ಮನೆಯ ಮಕ್ಕಳು. ಹೀಗಾಗಿ ಪದದ ಮೂಲದಲ್ಲಿ ಮನಸ್ಸಿನ ಮಾತೂ ಇಲ್ಲ, ನಿಂದೆಯೂ ಇಲ್ಲ. ಇರುವುದು ಬರಿಯ ಅಲುಗಾಟ. ಎಲೆ ಅಲುಗಿದರೂ ಚಂಚಲ, ದೀಪದ ಕುಡಿ ಅಲುಗಿದರೂ ಚಂಚಲ. ಕವಿಗಳು ಹೆಣ್ಣಿನ ಓಡಾಡುವ ಕಣ್ಣನ್ನು ಬಣ್ಣಿಸಲು ‘ಚಂಚಲಾಕ್ಷಿ’ ಎಂದಾಗ ಅದು ಮೆಚ್ಚುಗೆಯ ಮಾತೇ ಆಗಿತ್ತು.

ಅಮರಕೋಶ ಮಿಂಚಿನ ಹೆಸರುಗಳನ್ನು ಹೇಳುವಾಗ ಚಂಚಲಾ, ಚಪಲಾ ಎರಡನ್ನೂ ಅಕ್ಕಪಕ್ಕದಲ್ಲೇ ಇಡುತ್ತದೆ. ಅದೇ ಕೋಶ ಪಾದರಸಕ್ಕೆ ಕೊಡುವ ಹೆಸರುಗಳಲ್ಲಿ ‘ಚಪಲ’ ಕೂಡ ಒಂದು. ಮಾಮೂಲಿ ಉಷ್ಣತೆಯಲ್ಲಿ ದ್ರವವಾಗಿರುವ, ಹೆಪ್ಪುಗಟ್ಟಲು ಸೊನ್ನೆಗಿಂತ ಸುಮಾರು 39 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಬೇಕಾದ, ಅಂಗೈಮೇಲೆ ಹಾಕಿದರೆ ಹನಿಹನಿಯಾಗಿ ಓಡಿಹೋಗುವ ಲೋಹಕ್ಕೆ ಈ ಹೆಸರು ಬಂದದ್ದು ಸಹಜ. ಯುರೋಪಿನ ಭಾಷೆಗಳಲ್ಲೂ ಇದರ ಜೋಡಿ ಇದೆ. ಇಂಗ್ಲಿಷಿನಲ್ಲಿ ಗಳಿಗೆಗೊಮ್ಮೆ ಬದಲಾಗುವ ಸ್ವಭಾವಕ್ಕೆ ‘ಮರ್ಕ್ಯೂರಿಯಲ್’ ಎಂಬ ಮಾತಿದೆ. ಅದು ರೋಮನ್ನರ ದೇವತೆ ಮರ್ಕ್ಯುರಿ, ಆ ಹೆಸರಿನ ಗ್ರಹ, ಆ ಹೆಸರಿನ ಲೋಹ ಮೂರರ ನೆರಳನ್ನೂ ಹೊತ್ತಿದೆ. ಆ ಗ್ರಹವೇ ನಮ್ಮ ಬುಧ. ಭಾರತೀಯ ಜ್ಯೋತಿಷವೂ ಬುಧನನ್ನು ತನ್ನದೇ ನಿಲುವಿಲ್ಲದವನೆಂದು ಎಣಿಸುತ್ತದೆ: ಶುಭಗ್ರಹಗಳ ಜೊತೆಗಿದ್ದರೆ ಶುಭ, ಪಾಪಗ್ರಹಗಳ ಜೊತೆಗಿದ್ದರೆ ಪಾಪ.

ಆದರೆ ಕನ್ನಡಿಗರ ಬಾಯಲ್ಲಿ ಪಾದರಸ ಬೇರೆ ದಾರಿ ಹಿಡಿದಿದೆ. ‘ಹುಡುಗ ಪಾದರಸ ಇದ್ದ ಹಾಗೆ’ ಎಂದರೆ ಚುರುಕು, ಚೂಟಿ, ಹೇಳಿದ ಕೆಲಸ ಕ್ಷಣದಲ್ಲಿ ಮಾಡಿ ಬರುವವನು ಎಂದರ್ಥ. ಬೈಗುಳವಲ್ಲ, ಬಹುಮಾನ. ಇಂಗ್ಲಿಷಿನ ಮಾತನ್ನು ‘ಪಾದರಸದಂಥ ಸ್ವಭಾವ’ ಎಂದು ಕನ್ನಡಿಸುವ ಅನುವಾದಕರು ಇಲ್ಲಿ ಎಡವುತ್ತಾರೆ. ಓದುಗನಿಗೆ ತಲುಪುವುದು ಹೊಗಳಿಕೆ.

ಶಾಸ್ತ್ರಗಳಲ್ಲಿ

ಮನಸ್ಸು ಚಂಚಲ ಎಂಬ ಮಾತು ಕನ್ನಡದಲ್ಲಿ ಇಷ್ಟು ಸಲೀಸಾಗಿ ಬರಲು ಭಗವದ್ಗೀತೆಯ ಆರನೆಯ ಅಧ್ಯಾಯ ದೊಡ್ಡ ಕಾರಣ. ಧ್ಯಾನಯೋಗವನ್ನು ಕೇಳಿಸಿಕೊಂಡ ಅರ್ಜುನ 33 ಮತ್ತು 34ನೆಯ ಶ್ಲೋಕಗಳಲ್ಲಿ ಆಕ್ಷೇಪ ಎತ್ತುತ್ತಾನೆ: ಮನಸ್ಸು ನಿಲ್ಲುವಂಥದ್ದಲ್ಲ, ಅದನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟ. ಮುಂದಿನ ಶ್ಲೋಕದಲ್ಲಿ ಕೃಷ್ಣ ಅದನ್ನು ಒಪ್ಪಿಕೊಂಡೇ ಅಭ್ಯಾಸ, ವೈರಾಗ್ಯ ಎಂಬ ಎರಡು ಉಪಾಯ ಹೇಳುತ್ತಾನೆ. ಬೌದ್ಧರ ಧಮ್ಮಪದದ ಚಿತ್ತವರ್ಗವೂ ಮನಸ್ಸು ಅದಿರುವಂಥದ್ದು, ಚಪಲವಾದದ್ದು ಎಂಬ ಮಾತಿನಿಂದಲೇ ತೊಡಗುತ್ತದೆ. ಯೋಗಸೂತ್ರದ ಮೇಲಿನ ವ್ಯಾಸಭಾಷ್ಯ ಮನಸ್ಸಿಗೆ ಕ್ಷಿಪ್ತ, ಮೂಢ, ವಿಕ್ಷಿಪ್ತ, ಏಕಾಗ್ರ, ನಿರುದ್ಧ ಎಂಬ ಐದು ಭೂಮಿಗಳನ್ನು ಎಣಿಸಿದೆ. ಇವುಗಳಲ್ಲಿ ಮೊದಲನೆಯದು ಸದಾ ಹರಿದಾಡುವ ಮನಸ್ಸು. ಮೂರನೆಯದು ಆಗೊಮ್ಮೆ ಈಗೊಮ್ಮೆ ನಿಂತು ಮತ್ತೆ ಹರಿಯುವ ಮನಸ್ಸು. ದಿನಬಳಕೆಯಲ್ಲಿ ಚಂಚಲ ಎನ್ನುವುದು ಈ ಎರಡನ್ನೂ ಬೆರೆಸಿ.

ಹನ್ನೆರಡನೆಯ ಶತಮಾನದ ವಚನಕಾರರು ಈ ವಿಷಯವನ್ನು ಶಾಸ್ತ್ರದ ಮಾತಿನಿಂದ ಬಿಡಿಸಿ ಊರೊಳಗೆ ತಂದರು. ಬಸವಣ್ಣನವರ ಒಂದು ವಚನದಲ್ಲಿ ಮನಸ್ಸು ಕೊಂಬೆಯಿಂದ ಕೊಂಬೆಗೆ ನೆಗೆಯುವ ಮಂಗ. ಇನ್ನೊಂದರಲ್ಲಿ ಪಲ್ಲಕ್ಕಿ ಏರಿಸಿದರೂ ಹಳೆಯ ಚಾಳಿ ಬಿಡದ ನಾಯಿ. ಎರಡು ಚಿತ್ರಗಳೂ ಒಂದನ್ನೇ ಹೇಳುವುದಿಲ್ಲ. ಮಂಗ ಎಲ್ಲಿಗೆ ನೆಗೆಯುತ್ತದೆಂದು ಹೇಳಲಾಗದು. ನಾಯಿ ಎಲ್ಲಿಗೆ ಹೋಗುತ್ತದೆಂಬುದು ಎಲ್ಲರಿಗೂ ಗೊತ್ತು. ಮೊದಲನೆಯದು ಅಸ್ಥಿರತೆ, ಎರಡನೆಯದು ಮರುಕಳಿಸುವ ಆಸೆ. ‘ಮರ್ಕಟಬುದ್ಧಿ’, ‘ಕೋತಿಬುದ್ಧಿ’ ಎಂಬ ಈಗಿನ ಮಾತುಗಳಲ್ಲಿ ಉಳಿದಿರುವುದು ಮೊದಲನೆಯದು. ಈ ಎಲ್ಲ ಕಡೆಯೂ ತಮ್ಮ ಮನಸ್ಸು ನಿಲ್ಲುತ್ತಿಲ್ಲ ಎಂದು ಹೇಳಿಕೊಳ್ಳುತ್ತಿರುವವರು ಗಂಡಸರೇ ಎಂಬುದನ್ನು ಇಲ್ಲೇ ಗುರುತು ಹಾಕಿಕೊಳ್ಳಬಹುದು. ‘ಹೆಣ್ಣಿನ ಮನಸ್ಸು ಚಂಚಲ’ ಎಂಬ ಗಾದೆಮಾತಿನಂಥ ತೀರ್ಪಿಗೆ ಈ ಮೂಲಗಳಲ್ಲಿ ಆಧಾರ ಹುಡುಕಹೊರಟವರು ಬರಿಗೈಲಿ ಮರಳುತ್ತಾರೆ.

ಆಯುರ್ವೇದದಲ್ಲಿ ‘ಚಲ’ ಎಂಬುದು ವಾತದ ಗುಣಗಳಲ್ಲಿ ಒಂದು. ಚರಕಸಂಹಿತೆಯ ವಿಮಾನಸ್ಥಾನ ವಾತಪ್ರಕೃತಿಯವರನ್ನು ಬಣ್ಣಿಸುವಾಗ ಕೀಲು, ಕಣ್ಣು, ಹುಬ್ಬುಗಳು ಒಂದೆಡೆ ನಿಲ್ಲದಿರುವುದನ್ನೂ, ಮಾತು ಹೆಚ್ಚಿರುವುದನ್ನೂ, ಹೆದರಿಕೆ, ಒಲವು, ಬೇಸರಗಳು ಬೇಗ ಬಂದು ಬೇಗ ಹೋಗುವುದನ್ನೂ, ಕೇಳಿದ್ದನ್ನು ತಟ್ಟನೆ ಗ್ರಹಿಸಿ ತಟ್ಟನೆ ಮರೆಯುವುದನ್ನೂ ಹೇಳುತ್ತದೆ. ಚಂಚಲ ಸ್ವಭಾವದ ಇದಕ್ಕಿಂತ ಅಚ್ಚುಕಟ್ಟಾದ ಚಿತ್ರ ಹಳೆಯ ಗ್ರಂಥಗಳಲ್ಲಿ ಸಿಗುವುದು ಕಷ್ಟ. ತಮಾಷೆಯೆಂದರೆ ಕನ್ನಡದ ನುಡಿಗಟ್ಟು ಈ ತಪ್ಪನ್ನು ವಾತದ ತಲೆಗೆ ಕಟ್ಟಿಲ್ಲ. ‘ಕ್ಷಣಚಿತ್ತ ಕ್ಷಣಪಿತ್ತ’ ಎಂಬುದು ನಮ್ಮ ಮಾತು. ಶಾಸ್ತ್ರದ ಪ್ರಕಾರ ಪಿತ್ತಕ್ಕೆ ಸೇರುವುದು ಸಿಟ್ಟು, ಬಿಸಿ, ತೀಕ್ಷ್ಣತೆ. ಆದರೆ ಚಿತ್ತಕ್ಕೆ ಪ್ರಾಸ ಕೂಡುವುದು ಪಿತ್ತವೇ ಹೊರತು ವಾತವಲ್ಲ. ಅರ್ಥವೂ ತೀರ ಕೆಟ್ಟಿಲ್ಲ: ಈಗ ನಗುತ್ತಿದ್ದವರು ಮರುಗಳಿಗೆಯಲ್ಲಿ ಸಿಡಿಯುವುದನ್ನು ನೋಡಿದವರಿಗೆ ಪಿತ್ತವೇ ಸರಿ ಎನಿಸುತ್ತದೆ. ಸಿಟ್ಟೊಂದೇ ಇದ್ದು ಬದಲಾವಣೆ ಇಲ್ಲದಿದ್ದರೆ ಈ ಮಾತು ಒಪ್ಪುವುದಿಲ್ಲ. ಅಂಥವರಿಗೆ ‘ದೂರ್ವಾಸ’ ಎಂಬ ಬೇರೆ ಹೆಸರೇ ಇದೆ.

ನಾಟ್ಯಶಾಸ್ತ್ರ ಎಣಿಸುವ 33 ವ್ಯಭಿಚಾರಿ ಭಾವಗಳಲ್ಲಿ ಚಪಲತೆಯೂ ಸೇರಿದೆ. ಎಂಟು ಸ್ಥಾಯಿಭಾವಗಳು ನಿಂತ ನೀರಾದರೆ ವ್ಯಭಿಚಾರಿಗಳು ಅದರ ಮೇಲೆ ಎದ್ದು ಮುಳುಗುವಂಥವು. ಅವಕ್ಕೆ ಸಂಚಾರಿ ಎಂಬ ಹೆಸರೂ ಇರುವುದು ಅದಕ್ಕೇ. ಇಲ್ಲಿನ ಚಪಲತೆ ಮಾತ್ರ ಮುದ್ದಾದ ತುಂಟತನವಲ್ಲ. ರಾಗ, ದ್ವೇಷ, ಮತ್ಸರ, ಅಸೂಯೆಗಳಿಂದ ಹುಟ್ಟಿ, ಒರಟು ಮಾತು, ಗದರಿಕೆ, ಹೊಡೆತಗಳಲ್ಲಿ ತೋರಿಕೊಳ್ಳುವ ಮುಂದಾಲೋಚನೆಯಿಲ್ಲದ ನಡತೆ ಅದು. ಸಂಚಾರಿ ಭಾವಗಳ ಚರ್ಚೆಯನ್ನು ಹೊಸಗನ್ನಡದ ಓದುಗರಿಗೆ ಸುಲಭವಾಗಿ ತಲುಪಿಸಿದ ಕೃತಿ ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’.

ಚಂಚಲೆಯಾದ ಲಕ್ಷ್ಮಿ

ಹೆಣ್ಣುರೂಪದ ‘ಚಂಚಲೆ’ ಇಂದಿಗೂ ಹಾಯಾಗಿ ಬಳಕೆಯಲ್ಲಿರುವುದು ಲಕ್ಷ್ಮಿಯ ವಿಷಯದಲ್ಲಿ. ದುಡ್ಡು ಒಂದು ಮನೆಯಲ್ಲಿ ನಿಲ್ಲದು ಎಂಬ ಲೋಕಾನುಭವಕ್ಕೆ ದೇವತೆಯ ಸ್ವಭಾವವೆಂಬ ರೂಪ ಸಿಕ್ಕಿದೆ. ಈ ನಂಬಿಕೆ ಬರಿಯ ಮಾತಾಗಿ ಉಳಿಯದೆ ಮನೆಯ ನಡವಳಿಕೆಯಾಗಿದೆ. ಬೆಂಗಳೂರಿನ ಉತ್ತರಕ್ಕೆ, ಬಳ್ಳಾರಿ ರಸ್ತೆಯ ಮಗ್ಗುಲಲ್ಲಿರುವ ಬ್ಯಾಟರಾಯನಪುರದಂಥ ಊರುಗಳಲ್ಲಿ ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಕೈಸಾಲ ಕೇಳಿದರೆ ಹಳಬರು ‘ನಾಳೆ ಬಾ’ ಎನ್ನುತ್ತಾರೆ. ಮುಸ್ಸಂಜೆಯಲ್ಲಿ ಉಪ್ಪು, ಮೊಸರು ಹೊರಗೆ ಕೊಡುವುದಿಲ್ಲ, ಕಸ ಗುಡಿಸುವುದಿಲ್ಲ. ಹೊರಟು ನಿಂತವಳಿಗೆ ಬಾಗಿಲು ತೆರೆದುಕೊಟ್ಟಂತಾದೀತು ಎಂಬ ಎಚ್ಚರ.

ಶ್ರಾವಣ ಶುಕ್ಲಪಕ್ಷದಲ್ಲಿ ಹುಣ್ಣಿಮೆಗೆ ಮುಂಚಿನ ಶುಕ್ರವಾರದ ವರಮಹಾಲಕ್ಷ್ಮಿ ವ್ರತದಲ್ಲಿ ಈ ಎಚ್ಚರ ಇನ್ನಷ್ಟು ವಿವರವಾಗಿ ಕಾಣುತ್ತದೆ. ಕಲಶದ ತೆಂಗಿನಕಾಯಿಗೆ ಬೆಳ್ಳಿಯ ಮುಖವಾಡ ಕಟ್ಟಿ, ಸೀರೆ ಉಡಿಸಿ ಕೂರಿಸಿದ ಲಕ್ಷ್ಮಿಯನ್ನು ಅಂದೇ ಕದಲಿಸುವುದಿಲ್ಲ. ಶುಕ್ರವಾರ ಕಳಿಸಬಾರದೆಂದು ಶನಿವಾರವೋ ಭಾನುವಾರವೋ ವಿಸರ್ಜನೆ. ಪೂಜೆಗೆ ಹೊತ್ತು ಗೊತ್ತುಮಾಡುವಾಗಲೂ ಪುರೋಹಿತರು ಸ್ಥಿರಲಗ್ನವನ್ನು ನೋಡುತ್ತಾರೆ. ಹನ್ನೆರಡು ರಾಶಿಗಳಲ್ಲಿ ಮೇಷ, ಕರ್ಕಾಟಕ, ತುಲಾ, ಮಕರ ಚರರಾಶಿಗಳು. ವೃಷಭ, ಸಿಂಹ, ವೃಶ್ಚಿಕ, ಕುಂಭ ಸ್ಥಿರರಾಶಿಗಳು. ಉಳಿದ ನಾಲ್ಕು ದ್ವಿಸ್ವಭಾವ. ಚಂಚಲೆಯನ್ನು ಸ್ಥಿರಲಗ್ನದಲ್ಲಿ ಕೂರಿಸಿದರೆ ಅವಳೂ ಸ್ಥಿರವಾದಾಳು ಎಂಬ ತರ್ಕ. ‘ಸ್ಥಿರಲಕ್ಷ್ಮಿಯಾಗಿ ನೆಲೆಸು’ ಎಂಬ ಬೇಡಿಕೆಯ ಬೆನ್ನಿಗಿರುವುದೂ ಇದೇ. ಚಂಚಲ ಎಂಬ ಪದದ ವಿರುದ್ಧಪದ ಕನ್ನಡದ ಸಾಮಾನ್ಯ ಜನಕ್ಕೆ ‘ಅಚಲ’ಕ್ಕಿಂತ ಹೆಚ್ಚಾಗಿ ‘ಸ್ಥಿರ’ ಎಂದೇ ಹೊಳೆಯುವುದಕ್ಕೆ ಈ ಪೂಜಾಪರಿಸರವೂ ಕಾರಣವಿದ್ದೀತು.

ಚಪಲದ ಬೇರೆ ದಾರಿ

ಸಂಸ್ಕೃತದಲ್ಲಿ ಚಂಚಲ, ಚಪಲ ಹೆಚ್ಚುಕಡಿಮೆ ಅವಳಿಜವಳಿ. ಕನ್ನಡಕ್ಕೆ ಬಂದ ಮೇಲೆ ಚಪಲ ಬೇರೆ ಮನೆ ಮಾಡಿತು. ಬಾಯಿಚಪಲ, ನಾಲಿಗೆಚಪಲ, ಮಾತಿನ ಚಪಲ, ಬರೆಯುವ ಚಪಲ ಇವುಗಳಲ್ಲಿ ಇರುವುದು ಬದಲಾವಣೆಯಲ್ಲ, ತಡೆಯಲಾಗದ ತುಡಿತ. ಸಕ್ಕರೆ ಕಾಯಿಲೆಯವರು ಮದುವೆಮನೆಯಲ್ಲಿ ಎರಡನೆಯ ಹೋಳಿಗೆಗೆ ಎಲೆ ಮುಂದೆ ಮಾಡಿದರೆ ಅದು ಚಪಲ. ಅವರ ಮನಸ್ಸು ಅಲ್ಲಿ ಕಿಂಚಿತ್ತೂ ಚಂಚಲವಾಗಿಲ್ಲ, ಹೋಳಿಗೆಯ ಮೇಲೆ ಬೇರೂರಿ ನಿಂತಿದೆ. ಹೆಂಗಸರ ಹಿಂದೆ ಬೀಳುವವನಿಗೆ ‘ಚಪಲಚೆನ್ನಿಗರಾಯ’ ಎಂಬ ಬಿರುದಿದೆ. ಚೆನ್ನಿಗ ಎಂದರೆ ಚೆಲುವ. ಚೆನ್ನಿಗರಾಯ ಎಂಬುದು ಬೇಲೂರಿನ ಕಪ್ಪೆಚೆನ್ನಿಗರಾಯನ ಗುಡಿಯಿಂದ ಎಲ್ಲರಿಗೂ ಗೊತ್ತಿರುವ ದೇವರ ಹೆಸರು. ಲೇವಡಿಗೆ ದೇವರ ಹೆಸರನ್ನೇ ಎಳೆದು ತರುವ ಸಲಿಗೆ ಕನ್ನಡಕ್ಕೆ ಹೊಸದಲ್ಲ.

ತಮಿಳಿನ ‘ಸಬಲಂ’ ಕೂಡ ಆಸೆಯ ಸೆಳೆತಕ್ಕೆ ಸೋಲುವ ಮನಸ್ಸನ್ನೇ ಹೇಳುತ್ತದೆ. ಮರಾಠಿಯಲ್ಲಿ ಮಾತ್ರ ‘ಚಪಳ’ ಎಂದರೆ ಚುರುಕಾದ, ಮೈ ಹಗುರವಾದ ಎಂಬ ಒಳ್ಳೆಯ ಅರ್ಥ. ಆಟಗಾರನನ್ನು ಹಾಗೆಂದರೆ ಅವನಿಗೆ ಖುಷಿಯಾಗುತ್ತದೆ. ಹಿಂದಿಯ ಚಂಚಲವೂ ಲವಲವಿಕೆಯ ಕಡೆ ವಾಲಿದೆ. ಬಂಗಾಳದಲ್ಲಿ ಚಂಚಲ್ ಎಂಬುದು ಗಂಡುಮಕ್ಕಳಿಗೆ ಇಡುವ ಹೆಸರು. ಕನ್ನಡದಲ್ಲಿ ಗಂಡುಮಗುವಿಗೆ ಆ ಹೆಸರಿಟ್ಟರೆ ಅಜ್ಜಿಯರು ಒಪ್ಪುವುದು ಕಷ್ಟ.

ಆಡುಮಾತಿನಲ್ಲಿ: ಬ್ಯಾಟರಾಯನಪುರದ ಸುತ್ತಮುತ್ತ

ಚಂಚಲ ಬರವಣಿಗೆಯ, ಹರಿಕಥೆಯ, ಉಪನ್ಯಾಸದ ಪದ. ಮನೆಯ, ಬೀದಿಯ ಮಾತಿನಲ್ಲಿ ಅದರ ಕೆಲಸವನ್ನು ಬೇರೆ ಮಾತುಗಳು ಮಾಡುತ್ತವೆ. ಇದನ್ನು ಗಮನಿಸಲು ಬ್ಯಾಟರಾಯನಪುರ ಒಳ್ಳೆಯ ಜಾಗ. ಊರಿನ ಹೆಸರೇ ಆಡುಮಾತಿನ ಗುರುತು ಹೊತ್ತಿದೆ: ಬೇಟೆಗಾರನ ರೂಪದ ವಿಷ್ಣುವಿಗೆ ಸಲ್ಲುವ ಬೇಟರಾಯ ಎಂಬ ಹೆಸರು ಹಳ್ಳಿಯ ಬಾಯಲ್ಲಿ ಬ್ಯಾಟರಾಯ ಆಗುತ್ತದೆ, ಬೇಡ ಬ್ಯಾಡವಾದಂತೆ, ಬೇಳೆ ಬ್ಯಾಳೆಯಾದಂತೆ, ಬೇಸರ ಬ್ಯಾಸರವಾದಂತೆ. ಕೊಡಿಗೇಹಳ್ಳಿ, ಅಮೃತಹಳ್ಳಿ, ಜಕ್ಕೂರುಗಳ ನಡುವಿನ ಈ ಹಳ್ಳಿ ನಗರಸಭೆಯಾಗಿ, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ರಸ್ತೆಯ ಎರಡೂ ಕಡೆ ಅಪಾರ್ಟ್‌ಮೆಂಟುಗಳೆದ್ದವು. ಹೀಗಾಗಿ ಹಳೆಯ ಬೆಂಗಳೂರು ಗ್ರಾಮಾಂತರದ ಕನ್ನಡ, ಬಹಳ ಕಾಲದಿಂದ ಜೊತೆಗಿರುವ ತೆಲುಗು, ಕಚೇರಿಯ ಇಂಗ್ಲಿಷ್ ಬೆರೆತ ಕನ್ನಡ ಮೂರೂ ಇಲ್ಲಿ ಒಂದೇ ಹಾಲಿನ ಬೂತಿನ ಮುಂದೆ ಕಿವಿಗೆ ಬೀಳುತ್ತವೆ.

ಹಳೆಯ ಊರಿನವರು ಚಂಚಲ ಎನ್ನುವುದಿಲ್ಲ. ‘ಅವ್ನು ಒಂದೊತ್ತಿದ್ದಂಗೆ ಇನ್ನೊಂದೊತ್ತಿರಲ್ಲ’ ಎನ್ನುತ್ತಾರೆ. ‘ಗಳ್ಗೆಗೊಂದು ಬುದ್ಧಿ’, ‘ಹೊತ್ತಿಗೊಂದು ಮಾತು’ ಎನ್ನುತ್ತಾರೆ. ಈ ಮಾತುಗಳ ಕಟ್ಟಡ ನೋಡತಕ್ಕದ್ದು. ಚಂಚಲ ಎಂಬುದು ಮನುಷ್ಯನೊಳಗೆ ಒಂದು ಗುಣವಿದೆ ಎಂದು ಊಹಿಸಿ ಅದಕ್ಕೆ ಹೆಸರಿಡುತ್ತದೆ. ‘ಒಂದೊತ್ತಿದ್ದಂಗೆ ಇನ್ನೊಂದೊತ್ತಿರಲ್ಲ’ ಎಂಬುದು ಒಳಗೇನಿದೆ ಎಂಬ ಗೊಡವೆಗೆ ಹೋಗದೆ, ಎರಡು ಹೊತ್ತಿನಲ್ಲಿ ಕಂಡದ್ದನ್ನು ಅಕ್ಕಪಕ್ಕ ಇಡುತ್ತದೆ. ಸಾಕ್ಷಿ ಹೇಳಿಕೆಯ ರೀತಿ ಅದು. ಗಳಿಗೆ ಎಂಬುದು ಲೆಕ್ಕದ ಪ್ರಕಾರ 24 ನಿಮಿಷ. ಹೊತ್ತು ಅದಕ್ಕಿಂತ ಉದ್ದ. ಹೀಗೆ ಬದಲಾವಣೆಯ ವೇಗವನ್ನೂ ಮಾತು ಅಂದಾಜಿನಲ್ಲಿ ಸೂಚಿಸುತ್ತದೆ.

ಮನಸ್ಸು ಎರಡಾಗಿ ತೀರ್ಮಾನಕ್ಕೆ ಬಾರದ ಸ್ಥಿತಿಗೆ ಕನ್ನಡದ್ದೇ ಆದ ಹೊಯ್ದಾಟ, ತುಯ್ದಾಟ, ಓಲಾಟ ಇವೆ. ಪುಸ್ತಕದ ಮಾತು ಡೋಲಾಯಮಾನ. ಇವು ಸ್ವಭಾವದ ಹೆಸರುಗಳಲ್ಲ, ಒಂದು ಕಾಲಘಟ್ಟದ ಹೆಸರುಗಳು. ಜಮೀನು ಮಾರುವುದೋ ಇಟ್ಟುಕೊಳ್ಳುವುದೋ ಎಂದು ವರ್ಷಗಟ್ಟಲೆ ಹೊಯ್ದಾಡಿದ ರೈತ ಚಂಚಲನಲ್ಲ. ಬಳ್ಳಾರಿ ರಸ್ತೆಯ ಆಸುಪಾಸಿನಲ್ಲಿ ನೆಲದ ಬೆಲೆ ಏರುತ್ತ ಹೋದ ವರ್ಷಗಳಲ್ಲಿ ಅಂಥ ಹೊಯ್ದಾಟ ಮನೆಮನೆಯದಾಗಿತ್ತು. ನಿರ್ಧಾರವಾದ ಕೂಡಲೇ ಹೊಯ್ದಾಟ ಮುಗಿಯುತ್ತದೆ. ಚಂಚಲತೆ ನಿರ್ಧಾರದ ಮರುದಿನ ಮತ್ತೆ ಶುರುವಾಗುತ್ತದೆ.

ಇನ್ನೊಂದು ಗುಂಪು ಲಹರಿ, ಹುಕಿ, ಮರ್ಜಿಗಳದ್ದು. ಮೂಲದಲ್ಲಿ ಅಲೆ ಎಂಬರ್ಥದ ಲಹರಿ ಕಲಾವಿದರಿಗೆ ಮೀಸಲು: ‘ಅವರು ಲಹರಿ ಬಂದಾಗ ಹಾಡುತ್ತಾರೆ.’ ಹುಕಿ ಅದಕ್ಕಿಂತ ಲಘುವಾದ ಮಾತು; ಇದ್ದಕ್ಕಿದ್ದಂತೆ ಏಳುವ ಉತ್ಸಾಹ, ಅಷ್ಟೇ ಬೇಗ ಇಳಿಯುವಂಥದ್ದು. ಮರ್ಜಿ ಅರಬ್ಬಿ ಮೂಲದ್ದು, ದರ್ಬಾರು ಕಚೇರಿಗಳ ದಾರಿಯಾಗಿ ಬಂದದ್ದು. ಇದು ಮೇಲಿನವರ ಮನಸ್ಸಿಗೆ ಸಲ್ಲುತ್ತದೆ. ದಣಿಗಳ ಮರ್ಜಿ, ಸಾಹೇಬರ ಮರ್ಜಿ ಕಾಯಬೇಕು. ಕೂಲಿಯಾಳಿನ ಮರ್ಜಿ ಕಾಯುವ ಮಾತು ವ್ಯಂಗ್ಯವಾಗಿ ಮಾತ್ರ ಬಂದೀತು. ಒಂದೇ ನಡತೆ: ನಿನ್ನೆ ಹೂಂ ಎಂದದ್ದಕ್ಕೆ ಇವತ್ತು ಊಹೂಂ. ಕವಿ ಹಾಗೆ ಮಾಡಿದರೆ ಲಹರಿ, ಮಾಲೀಕ ಮಾಡಿದರೆ ಮರ್ಜಿ, ಸೊಸೆ ಮಾಡಿದರೆ ಚಂಚಲ ಬುದ್ಧಿ. ಸ್ವಭಾವದ ಹೆಸರುಗಳೆಂದು ಕಾಣುವ ಈ ಪದಗಳು ಅರ್ಧದಷ್ಟು ಸ್ಥಾನಮಾನದ ಹೆಸರುಗಳು. ಹೆಣ್ಣಿನ ಮನಸ್ಸಿನ ಬಗೆಗಿನ ಗಾದೆಮಾತು ಎಲ್ಲಿಂದ ಬಂತೆಂಬುದಕ್ಕೂ ಉತ್ತರ ಇಲ್ಲೇ ಇದೆ: ತೀರ್ಮಾನ ಬದಲಿಸುವ ಅಧಿಕಾರ ಇದ್ದವರ ಬದಲಾವಣೆಗೆ ನಿಂದೆಯ ಹೆಸರು ಹತ್ತುವುದಿಲ್ಲ.

ಗೋಸುಂಬೆ, ಊಸರವಳ್ಳಿ

ಬಣ್ಣ ಬದಲಿಸುವ ಪ್ರಾಣಿಗೆ ಕನ್ನಡದಲ್ಲಿ ಗೋಸುಂಬೆ, ಊಸರವಳ್ಳಿ ಎಂಬ ಹೆಸರುಗಳಿವೆ. ಎರಡನೆಯದು ತೆಲುಗಿಗೂ ಸೇರಿದ್ದು. ಕರ್ನಾಟಕದ ಒಣ ಕಾಡು ತೋಪುಗಳಲ್ಲಿ ನಿಜವಾದ ಗೋಸುಂಬೆ ಇದೆಯಾದರೂ ನಗರದ ಅಂಚಿನವರು ದಿನವೂ ಕಾಣುವುದು ಓತಿಕ್ಯಾತವನ್ನು. ಬೇಲಿಯ ಮೇಲೆ ತಲೆಯಾಡಿಸುತ್ತ ಕೂರುವ ಅದರ ಗಂಡು, ಮರಿ ಮಾಡುವ ಕಾಲದಲ್ಲಿ ತಲೆ ಕೊರಳನ್ನು ಕೆಂಪಗೆ ಮಾಡಿಕೊಳ್ಳುತ್ತದೆ. ಗೋಸುಂಬೆ ಬಣ್ಣ ಬದಲಿಸುವುದು ಹಿನ್ನೆಲೆಗೆ ಹೊಂದಿಕೊಂಡು ಬಚ್ಚಿಟ್ಟುಕೊಳ್ಳಲು ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಎದುರಾಳಿಗೆ, ಸಂಗಾತಿಗೆ ಸೂಚನೆ ಕೊಡುವುದು, ಮೈಯ ಬಿಸಿಯನ್ನು ಹತೋಟಿಯಲ್ಲಿಡುವುದು ಅದರ ಮುಖ್ಯ ಉದ್ದೇಶಗಳು.

ಮನುಷ್ಯರಿಗೆ ಈ ಹೆಸರು ಬಂದಾಗ ಅರ್ಥ ಚಂಚಲದಿಂದ ದೂರ ಸರಿಯುತ್ತದೆ. ಚಂಚಲನಿಗೆ ತನ್ನ ಮನಸ್ಸು ಕೈಯಲ್ಲಿಲ್ಲ; ಗೋಸುಂಬೆಗೆ ಎಲ್ಲವೂ ಕೈಯಲ್ಲಿದೆ. ಲಾಭ ನೋಡಿ ಬದಲಾಗುವುದು ಸ್ವಭಾವದ ದೌರ್ಬಲ್ಯವಲ್ಲ, ಲೆಕ್ಕಾಚಾರ. ಅದಕ್ಕೇ ಪಕ್ಷಾಂತರ ಮಾಡಿದ ರಾಜಕಾರಣಿಯನ್ನು ಪತ್ರಿಕೆಗಳು ಊಸರವಳ್ಳಿ ಎನ್ನುತ್ತವೆಯೇ ಹೊರತು ಚಂಚಲ ಎನ್ನುವುದಿಲ್ಲ. 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿಸಿ ಪಕ್ಷಾಂತರ ನಿಷೇಧಿಸಿದಾಗ ಕಾನೂನೂ ನೋಡಿದ್ದು ನಡೆಯನ್ನು, ಮನಸ್ಸನ್ನಲ್ಲ.

ಮೂಡ್ ಬಂದ ಮೇಲೆ

ಇಂಗ್ಲಿಷಿನಿಂದ ಬಂದ ‘ಮೂಡ್’ ಇಪ್ಪತ್ತನೆಯ ಶತಮಾನದಲ್ಲಿ ಕನ್ನಡದ ಮಾತಿನೊಳಗೆ ಎಷ್ಟು ಹೊಂದಿಕೊಂಡಿತೆಂದರೆ ಅದಿಲ್ಲದೆ ಮಾತು ಸಾಗುವುದೇ ಕಷ್ಟ. ಮೂಡ್ ಇಲ್ಲ, ಮೂಡ್ ಔಟ್, ಮೂಡು ಕೆಟ್ಟಿದೆ, ಮೂಡಿ. ಹುಟ್ಟು, ಉದಯಿಸು ಎಂಬರ್ಥದ ಅಚ್ಚಗನ್ನಡ ‘ಮೂಡು’ ಆಗಲೇ ಇದ್ದುದರಿಂದ ಈ ಹೊಸ ಪದದ ಉಚ್ಚಾರ ಯಾರಿಗೂ ಪರಕೀಯ ಎನಿಸಲಿಲ್ಲ. ಎರಡಕ್ಕೂ ನಂಟಿಲ್ಲ ಎಂಬುದು ಬೇರೆ ಮಾತು. ‘ಸಾಹೇಬ್ರ ಮೂಡ್ ನೋಡ್ಕೊಂಡು ಒಳಗೋಗು’ ಎಂಬ ಜವಾನನ ಸಲಹೆಯಲ್ಲಿ ಹಿಂದೆ ಮರ್ಜಿ ಇದ್ದ ಜಾಗದಲ್ಲೇ ಮೂಡ್ ಬಂದು ಕೂತಿದೆ. ಆದರೆ ಮೂಡ್‌ಗೆ ಮರ್ಜಿಯಂತೆ ಮೇಲುಕೀಳಿಲ್ಲ. ಕಾಲೇಜು ಹುಡುಗಿಗೂ ಮೂಡ್ ಉಂಟು, ಆಟೋ ಚಾಲಕನಿಗೂ ಉಂಟು. ಚಂಚಲ ಎನಿಸಿಕೊಳ್ಳಲು ಯಾರೂ ಇಷ್ಟಪಡುವುದಿಲ್ಲ. ‘ನಾನು ಸ್ವಲ್ಪ ಮೂಡಿ’ ಎಂದು ಜನ ತಾವೇ ಹೇಳಿಕೊಳ್ಳುತ್ತಾರೆ, ಕೆಲವರು ಸ್ವಲ್ಪ ಹೆಮ್ಮೆಯಿಂದಲೇ. ನೈತಿಕ ದೋಷವಾಗಿದ್ದದ್ದು ವೈಯಕ್ತಿಕ ವೈಶಿಷ್ಟ್ಯವಾದದ್ದು ಈ ಎರವಲಿನಿಂದ ಆದ ನಿಜವಾದ ಬದಲಾವಣೆ.

ಕಾಯಿಲೆ ಮತ್ತು ಸ್ವಭಾವ

ಚಿತ್ತಚಾಂಚಲ್ಯ ಎಂಬ ಮಾತು ಒಂದು ಕಾಲದಲ್ಲಿ ಸ್ವಭಾವ, ಕಾಯಿಲೆ ಎರಡನ್ನೂ ಮುಚ್ಚಿಕೊಂಡಿತ್ತು. ಇವನ್ನು ಬಿಡಿಸಿ ಹೇಳುವ ಕನ್ನಡ ಬರವಣಿಗೆಗೆ ಬೆಂಗಳೂರಿನ ವೈದ್ಯಲೇಖಕರ ಕೊಡುಗೆ ದೊಡ್ಡದು. ‘ಕೊರವಂಜಿ’ ಹಾಸ್ಯಪತ್ರಿಕೆಯ ಸಂಪಾದಕರಾಗಿದ್ದ, ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ ಮನಶ್ಶಾಸ್ತ್ರದ ಕೃತಿ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಮಾನಸಿಕ ಆರೋಗ್ಯದ ಬಗ್ಗೆ ಸರಳ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದಾಗಿ ಹುಟ್ಟಿದ್ದು ನಿಮ್ಹಾನ್ಸ್.

ಬೈಪೋಲಾರ್ ಎಂದು ಕರೆಯುವ ಕಾಯಿಲೆಯಲ್ಲೂ ಮನಸ್ಸು ಎರಡು ತುದಿಗಳ ನಡುವೆ ಹೋಗಿ ಬರುತ್ತದೆ. ಆದರೆ ಅದರ ಗಡಿಯಾರವೇ ಬೇರೆ. ಈಗ ಬಳಕೆಯಲ್ಲಿರುವ ಅಮೆರಿಕದ ರೋಗನಿರ್ಣಯ ಕೈಪಿಡಿಯ ಪ್ರಕಾರ ಉನ್ಮಾದದ ಘಟ್ಟ ಎನ್ನಲು ಸಾಮಾನ್ಯವಾಗಿ ಏಳು ದಿನವಾದರೂ ಅದು ನಿಂತಿರಬೇಕು, ಖಿನ್ನತೆಯ ಘಟ್ಟಕ್ಕೆ ಎರಡು ವಾರ. ನಿದ್ದೆಯಿಲ್ಲದೆಯೂ ದಣಿವಾಗದಿರುವುದು, ಕೈಮೀರಿದ ಖರ್ಚು, ನಿಲ್ಲದ ಮಾತು ಉನ್ಮಾದದ ಕೆಲವು ಲಕ್ಷಣಗಳು. ಬೆಳಿಗ್ಗೆ ನಗುತ್ತಿದ್ದು ಮಧ್ಯಾಹ್ನ ಮುಖ ಗಂಟುಹಾಕಿದವರನ್ನು ಬೈಪೋಲಾರ್ ಎನ್ನುವ ಈಚಿನ ಚಾಳಿ ಈ ಲೆಕ್ಕದಲ್ಲಿ ತಪ್ಪು. ವಾರಗಟ್ಟಲೆ ಉನ್ಮಾದದಲ್ಲೋ ಖಿನ್ನತೆಯಲ್ಲೋ ಇರುವವರನ್ನು ‘ಅವರ ಸ್ವಭಾವವೇ ಅಷ್ಟು, ಚಂಚಲ’ ಎಂದು ಬಿಟ್ಟುಬಿಡುವುದು ಅದಕ್ಕಿಂತ ದೊಡ್ಡ ತಪ್ಪು. ಮಕ್ಕಳ ವಿಷಯದಲ್ಲೂ ಹೀಗೆಯೇ. ಕೂತಲ್ಲಿ ಕೂರದ ಮಗುವನ್ನು ಮೇಷ್ಟರು ಚಂಚಲ ಎನ್ನುವುದು ವಾಡಿಕೆ. ಎಡಿಎಚ್‌ಡಿ ಎಂದು ವೈದ್ಯರು ಗುರುತಿಸಬೇಕಾದರೆ ಲಕ್ಷಣಗಳು ಆರು ತಿಂಗಳಾದರೂ ಇದ್ದಿರಬೇಕು, ಹನ್ನೆರಡು ವರ್ಷಕ್ಕೆ ಮುಂಚೆ ತೋರಿರಬೇಕು, ಶಾಲೆಯಲ್ಲಷ್ಟೇ ಅಲ್ಲದೆ ಮನೆಯಂಥ ಇನ್ನೊಂದು ಕಡೆಯೂ ಕಾಣಬೇಕು.

ಮನುಷ್ಯರಾಚೆಗಿನ ಬಳಕೆ

ಪತ್ರಿಕೆಯ ಕನ್ನಡದಲ್ಲಿ ಷೇರುಪೇಟೆಗೆ ಏರಿಳಿತ, ಹೊಯ್ದಾಟ, ಚಂಚಲತೆ ಮೂರೂ ಬರುತ್ತವೆ. ಸರ್ಕಾರಕ್ಕೆ ಮಾತ್ರ ಅಸ್ಥಿರ. ಮಳೆಗೆ ಚಂಚಲ ಎಂಬುದು ಅಪರೂಪ, ಏಕೆಂದರೆ ರೈತರ ಬಳಿ ಅದಕ್ಕಿಂತ ಖಚಿತವಾದ ಮಾತುಗಳಿವೆ. ಅಕ್ಟೋಬರ್ ಎರಡನೆಯ ವಾರದಿಂದ ಸುಮಾರು ಎರಡು ವಾರ ಬರುವ ಚಿತ್ತೆ ಮಳೆಗೆ ‘ಕುರುಡು ಚಿತ್ತೆ’ ಎಂಬ ಹೆಸರಿದೆ: ಒಂದು ಹೊಲದಲ್ಲಿ ಸುರಿದು ಬದುವಿನಾಚೆಯ ಹೊಲವನ್ನು ಒಣಗಿಸಿಬಿಡುವ ಮಳೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಆಸುಪಾಸಿನಲ್ಲಿ ರಾಗಿ ಬೆಳೆಯುತ್ತಿದ್ದವರಿಗೆ ತೆನೆ ಕಟ್ಟುವ ಹೊತ್ತಿನ ಈ ಮಳೆ ಮುಖ್ಯ. ಈ ಚಿತ್ತೆ ಚಿತ್ರಾ ನಕ್ಷತ್ರದ ತದ್ಭವ. ಮನಸ್ಸು ಎಂಬರ್ಥದ ಚಿತ್ತಕ್ಕೂ ಅದಕ್ಕೂ ಸಂಬಂಧವಿಲ್ಲ. ಅದರ ನಡತೆ ನೋಡಿ ಇದೆ ಎಂದುಕೊಂಡವರೇ ಹೆಚ್ಚು.

ರೂಪಗಳು

ಚಂಚಲದಿಂದ ಎರಡು ಭಾವನಾಮಗಳು ಸಿದ್ಧಿಸುತ್ತವೆ: ಚಂಚಲತೆ, ಚಾಂಚಲ್ಯ. ಚಪಲದಿಂದ ಚಪಲತೆ, ಚಾಪಲ್ಯ. ಭಾಷಣಗಳಲ್ಲಿ, ಕೆಲವೊಮ್ಮೆ ಅಚ್ಚಿನಲ್ಲೂ ಕಾಣುವ ‘ಚಾಂಚಲ್ಯತೆ’ ಒಂದೇ ಪದಕ್ಕೆ ಎರಡು ಭಾವಪ್ರತ್ಯಯ ಹಚ್ಚಿದ್ದು. ಸೌಂದರ್ಯತೆ, ಔದಾರ್ಯತೆಗಳ ಸಾಲಿನದು, ವ್ಯಾಕರಣ ಒಪ್ಪುವುದಿಲ್ಲ. ಗಂಡಸಿಗೆ ಚಂಚಲಚಿತ್ತ, ಚಪಲಚಿತ್ತ ಎಂಬ ಸಮಾಸಗಳೇ ಹೆಚ್ಚು ಬಳಕೆ. ಹೆಂಗಸಿಗೆ ಸಮಾಸದ ಹಂಗಿಲ್ಲದೆ ಚಂಚಲೆ, ಚಪಲೆ ಎಂಬ ಬಿಡಿಪದಗಳು ಸಲ್ಲುತ್ತವೆ. ಕ್ರಿಯಾಪದ ಬೇಕಾದಾಗ ‘ಚಂಚಲವಾಗು’ ರೂಢಿ. ಇದರ ಜೊತೆ ಬೆರೆಸಿಕೊಳ್ಳುವ ‘ವಿಚಲಿತವಾಗು’ ಎಂಬುದು ಆಘಾತದಿಂದ ಕದಲುವುದಕ್ಕೆ ಸಲ್ಲುವಂಥದ್ದು: ಸುದ್ದಿ ಕೇಳಿ ಒಮ್ಮೆ ವಿಚಲಿತರಾದವರು ಸ್ವಭಾವತಃ ಸ್ಥಿರಚಿತ್ತರೇ ಆಗಿರಬಹುದು.